ಅಂಬವ್ವನ ಡ್ರಾಯರಿನ ಬೀಗ

ನಾಚಾರಂ ಬಸ್ತಿ ದವಾಖಾನೆಯ ನರ್ಸ್ ಅಂಬವ್ವನ ಡ್ರಾಯರಿನಲ್ಲಿ ಒಂದು ಮುರಿದ ಬೀಗ ಇದೆ. ಕಸವೆಂದು ಯಾರಾದರೂ ಎಸೆಯಲು ಹೋದರೆ ಮುಗಿಯಿತು, ಅವತ್ತು ಅವರ ಗ್ರಹಚಾರ ಬಿಡಿಸುತ್ತಾಳೆ!

ಆ ಸೋಮವಾರ ಜಯಮ್ಮ ಮೊಮ್ಮಗಳು ಪಿಂಕಿಯನ್ನು ಕರೆತಂದಳು. ಏಳು ವರ್ಷದ ಕೂಸು. ಚಳಿ ಶುರುವಾದ ಮೇಲೆ ಉಬ್ಬಸಕ್ಕೆ ಎರಡು ಸಲ ದೊಡ್ಡಾಸ್ಪತ್ರೆ ಸೇರಿತ್ತು. ದಿನಾ ಎರಡು ಹೊತ್ತು ಉಬ್ಬಸದ ಔಷಧಿಯ ಪಂಪು, ಅಂದರೆ ಇನ್ಹೇಲರ್, ಎಳೆಯಲೇಬೇಕೆಂದು ಅಂಬವ್ವ ಬಾಯಿ ನೋಯುವಷ್ಟು ಹೇಳಿದ್ದಳು, ಎಳೆಯುವುದನ್ನೂ ಕಲಿಸಿದ್ದಳು.

"ಪಂಪ್ ಎಲ್ಲೈತ್ರಿ, ಆಯಿ?"

"ಪೆಟ್ಟಿಗ್ಯಾಗ ಐತವ್ವಾ. ಆರಾಮ ಇದ್ದಾಗ ಕೊಟ್ರ ಚಟಾ ಹತ್ತತೈತಿ. ನಾಳೆ ಹುಡುಗಿ ಲಗ್ನಾ ಆಗಬೇಕು, ನೋಡಿದವರು ಏನಂತಾರ?"

ಏಳು ವರ್ಷದವಳ ಲಗ್ನವಂತೆ! ಅಂಬವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮಾತು ಅವಳಿಗೆ ಹೊಸದಲ್ಲ.

ಅಂಬವ್ವ ಚಿಕ್ಕವಳಿದ್ದಾಗ ಅವಳ ಮನೆಯವರು ಬಾಗಲಕೋಟೆ ಕಡೆಯಿಂದ ಬಂದು ಇದೇ ಬಸ್ತಿಯ ಒಂದು ಖೋಲಿಯಲ್ಲಿ ಇದ್ದ ಕಾಲ ಅದು. ಅವ್ವನ ಟ್ರಂಕು ತೆರೆದರೆ ಡಾಂಬರ್ ಗುಳಿಗೆಯ ವಾಸನೆ, ಇಳಕಲ್ ಸೀರೆ, ಅದರ ಮಡಿಕೆಯಲ್ಲಿ ಅಂಬವ್ವನ ಪಂಪು. ಬಂದವರ ಕಣ್ಣಿಗೆ ಬೀಳಬಾರದಲ್ಲ! ಕೀಲಿ ಅವ್ವನ ಸೆರಗಿನ ತುದಿಯಲ್ಲಿ. ಒಂದು ಮಧ್ಯಾಹ್ನ ಅವ್ವ ದಿಲ್‌ಸುಖ್‌ನಗರದ ಪೇಟೆಗೆ ಹೋಗಿದ್ದಾಗ ಒಂಬತ್ತು ವರ್ಷದ ಅಂಬವ್ವನ ಎದೆ ಸಿಳ್ಳೆ ಹಾಕತೊಡಗಿತು, ತುಟಿ ನೀಲಿಗಟ್ಟಿತು. ಪಟಾನ್‌ಚೆರುವಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಪ್ಪ ಸಿದ್ದರಾಮಪ್ಪ ಎದ್ದವನೇ ಗುಂಡುಕಲ್ಲಿನಿಂದ ಬೀಗ ಜಜ್ಜಿ ಮುರಿದು ಪಂಪು ತೆಗೆದುಕೊಟ್ಟ. ಸಂಜೆ ಬಂದ ಅವ್ವ ಅದನ್ನು ನೋಡಿ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಮರುದಿನದಿಂದ ಪಂಪು ಎಲ್ಲರಿಗೂ ಕಾಣುವ ಹಾಗೆ ಕನ್ನಡಿಯ ಪಕ್ಕದ ಗೂಡಿನಲ್ಲಿ ಇರತೊಡಗಿತು. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಡಾಂಬರ್ ಗುಳಿಗೆಯ ವಾಸನೆ ಎಲ್ಲಿ ಬಂದರೂ ಅಂಬವ್ವನಿಗೆ ಆ ಟ್ರಂಕೇ ಕಣ್ಣ ಮುಂದೆ ಬರುತ್ತದೆ.

ಇದನ್ನೆಲ್ಲ ಹೇಳಿ ಅವಳು ಡ್ರಾಯರಿನ ಆ ಮುರಿದ ಬೀಗವನ್ನು ಜಯಮ್ಮನ ಅಂಗೈಯಲ್ಲಿ ಇಟ್ಟಳು.

"ಅವತ್ತು ಅಪ್ಪ ಮನ್ಯಾಗ ಇದ್ದ, ನಾ ಉಳದೆ. ನೀವು ಪ್ಯಾಟಿಗೆ ಹ್ವಾದಾಗ ಪಿಂಕಿ ಕೂಡ ಯಾರು ಇರ್ತಾರ್ರಿ, ಆಯಿ?"

ಜಯಮ್ಮನ ಕೈ ತಾನಾಗಿ ಪೆಟ್ಟಿಗೆಯ ಕೀಲಿ ಕಟ್ಟಿದ್ದ ಸೆರಗಿನ ಗಂಟಿಗೆ ಹೋಯಿತು. ಎದ್ದು ಮೊಮ್ಮಗಳ ಕೈ ಹಿಡಿದು ಹೊರಟೇ ಬಿಟ್ಟಳು. ಮುದುಕಿಗೆ ಸಿಟ್ಟು ಬಂತು, ಇನ್ನು ಇತ್ತ ಕಾಲಿಡುವುದಿಲ್ಲ ಎಂದುಕೊಂಡಳು ಅಂಬವ್ವ.

ಅರ್ಧ ಗಂಟೆಯೊಳಗೆ ಇಬ್ಬರೂ ತಿರುಗಿ ಬಂದರು. ಪಿಂಕಿಯ ಕೈಯಲ್ಲಿ ಪಂಪು ಇತ್ತು. ಜಯಮ್ಮ ತನ್ನ ಪೆಟ್ಟಿಗೆಯ ಬೀಗವನ್ನು ಕೀಲಿಯ ಸಮೇತ ಮೇಜಿನ ಮೇಲಿಟ್ಟಳು.

"ಇದನ್ನೂ ನಿನ್ನ ಡ್ರಾಯರಿನ್ಯಾಗ ಇಟ್ಕೊಳವ್ವಾ."