ನಿಂತ ವಿಮಾನದ ಖಂಡೆ ಪೂಜಿ

ಗೋವಾದಾಗ ಒಂದು ಕಡೆ ಹಳೇ ವಿಮಾನ ಮಂದಿ ನೋಡ್ಲಿ ಅಂತ ನಿಲ್ಲಿಸ್ಯಾರ. ಅವಕ್ಕ ಬಣ್ಣ ಹೊಡ್ಯಾಕ ನನ್ನ ಬಿಟ್ರ ಇನ್ನೊಬ್ಬ ಗಂಡಸು ಆ ಸೀಮ್ಯಾಗ ಇರಲಿಲ್ಲ. ಖಂಡೆ ಪೂಜಿ, ಅಂದ್ರ ಆಯುಧ ಪೂಜಿ ದಿನ ಎರಡು ವಿಮಾನಕ್ಕ ಹಾರ ಹಾಕಿ, ಗಾಲಿ ಮುಂದ ನಿಂಬಿಹಣ್ಣು ಇಟ್ಟೆ. ಅಲ್ಲಿಯ ಸಾಹೇಬ್ರು, ನಮ್ಮ ಧಾರವಾಡದವರು, ಓಡಿ ಬಂದ್ರು.

"ಅಜ್ಜಾ, ಇವು ಅಲುಗಾಡಂಗಿಲ್ಲೋ! ಹಣ್ಣು ಹ್ಯಾಂಗ ಒಡಿತೈತಿ?"

"ಎರಡೂ ಒಂದ ಕಂಪನಿಯವೇನ್ರಿ?"

"ಹೌದು. ಮೊದಲು ಯುದ್ಧಕ್ಕಂತ ಒಂದು ಮಾಡಿದ್ರು. ಆಮ್ಯಾಲೆ ಅದರಂಗ ಇನ್ನೊಂದು ಮಾಡಿ, ಬಾಂಬಿನ ಜಾಗಾದಾಗ ಕುರ್ಚಿ ಹಾಕಿ ಮಂದಿನ್ನ ಹಾರಿಸಿದ್ರು."

"ಅಂದ್ರ ಅಣ್ಣ ಪೈಲ್ವಾನ, ತಮ್ಮ ಕಂಡಕ್ಟರ್! ಹಣ್ಣು ಒಡಿಲಿಲ್ಲಂದ್ರ ನನ್ನ ಕೈಕೆಳಗಿನ ಮಂದಿ ಬ್ರಷ್ ಮುಟ್ಟಂಗಿಲ್ರಿ."

ಮರುದಿನ ದೊಡ್ಡ ಸಾಹೇಬ್ರು ನೋಡಾಕ ಬರೋರು, ಅರ್ಧ ರೆಕ್ಕಿ ಇನ್ನೂ ಬಣ್ಣ ಇಲ್ದ ಬರೇ ಮೈಲೇ ಇತ್ತು. ಧಾರವಾಡದ ಸಾಹೇಬ್ರು ಆಚೀಚೆ ನೋಡಿದ್ರು, ಗಾಲಿಗೆ ಕೊಟ್ಟ ಕಟ್ಟಿಗಿ ತೆಗಿಸಿದ್ರು, ಟೊಪ್ಪಿಗಿ ಇಳಿಸಿಟ್ಟು ನನ್ನ ಮಂದಿ ಜೋಡಿ ತಾವೂ ಹೆಗಲು ಕೊಟ್ರು. ನಾನು "ಹೈಸ್ಸಾ!" ಅಂತ ಒದರಿದೆ. ಪೈಲ್ವಾನ ಕಿರ್ ಅಂದ, ಹಣ್ಣು ಪಚಕ್ ಅಂತು. ಕಂಡಕ್ಟರ್‌ನೂ ಹಿಂದ ಬೀಳಲಿಲ್ಲ. ಸಾಹೇಬ್ರು ಶಿಳ್ಳಿ ಹೊಡದು ಕುಣದ್ರು.

ಅವತ್ತಿನಿಂದ ನಾನು ಎರಡು ವಿಮಾನ ಓಡಿಸಿದವ. ಎಷ್ಟು ದೂರ ಅಂತ ಯಾರೂ ಕೇಳಂಗಿಲ್ಲ, ನಾನೂ ಹೇಳಂಗಿಲ್ಲ.