ವಕೀಲೆ ಷೂಹ್ವಾ ಆಂಟಿ

ಅಮೆರಿಕದ ಗೈದರ್ಸ್‌ಬರ್ಗ್ ಊರಿನ ನಮ್ಮ ಬೀದಿಯ ಷೂಹ್ವಾ ಆಂಟಿ ಗಿಡಕ್ಕೆ ನೀರು ಹಾಕುವಾಗಲೂ ಕೋರ್ಟಿಗೆ ಹಾಕಿಕೊಂಡು ಹೋಗುತ್ತಿದ್ದ ಕರಿ ಕೋಟನ್ನೇ ಹಾಕಿಕೊಳ್ಳುತ್ತಿದ್ದರು. ಈ ಭಾಗದಲ್ಲಿ ವಕೀಲಿ ಮಾಡಿ, ಚುನಾವಣೆಯನ್ನೂ ಗೆದ್ದ ಮೊದಲ ಚೀನೀ ಹೆಂಗಸು ಅವರು. ಬಾಸ್ ಬೈದ, ಮನೆ ಓನರ್ ಹೊರಗೆ ಹಾಕಿದ ಎಂದು ಯಾರು ಗೋಳಾಡಿದರೂ "ಅಳಬೇಡ, ಕಂಪ್ಲೇಂಟ್ ಕೊಡು" ಎಂದು ಗದರುತ್ತಿದ್ದರು. ಪಕ್ಕದ ಮನೆಯ ನಾಯಿ ಬೊಗಳಿದರೂ ಕಾನೂನು ಹೇಳುತ್ತಿದ್ದರು. ಕೋವಿಡ್ಡಿನ ಎರಡನೇ ವರ್ಷ ಅಂಗಡಿಯ ಪಾರ್ಕಿಂಗಿನಲ್ಲಿ ಒಬ್ಬ, "ರೋಗ ತಂದವಳೇ, ನಿನ್ನ ದೇಶಕ್ಕೆ ಹೋಗು" ಎಂದು ಕೂಗಿ, ಅವರನ್ನು ನೂಕಿ ಕೆಡವಿ ಹೋದ. ಜೊತೆಗಿದ್ದ ನಾನು ಎತ್ತಿ ಕೂರಿಸಿ, "ಆಂಟಿ, ಪೊಲೀಸ್‌ಗೆ ಕಾಲ್ ಮಾಡ್ತೀನಿ, ನಾನೇ ವಿಟ್ನೆಸ್" ಎಂದೆ. "ಬೇಡ ಪ್ರತಿಭಾ, ಮನೆಗೆ ಡ್ರೈವ್ ಮಾಡು" ಎಂದರು. ಈಗ ವಾಕಿಂಗಿಗೆ ಬಂದರೆ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಎದುರಿಗೆ ಯಾರಾದರೂ ಬಂದರೆ ಆ ಹಿಡಿತ ಬಿಗಿಯಾಗುತ್ತದೆ.