ದೊರೆ ಹಾಡದ ಮೂರನೆಯ ಸಾಲು

ಸಿಟ್ಟು ಬಂದವರು ಹಲ್ಲು ಮಸೆಯುತ್ತಾರೆ. ಕಿಡಿಗೆ ಅದೇ ಹೊಟ್ಟೆಪಾಡು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂಬದಿಯ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ತಾಗಿಸಿದ ಮೇಜಿನ ಮುಂದೆ ಕೂತು, ಹಲ್ಲಿಲ್ಲದವರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಡಾಕ್ಟರು ರೋಗಿಯ ದವಡೆಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಗಾರೆ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಸಣ್ಣ ಮೋಟರಿನ ಚಕ್ರಕ್ಕೆ ಹಿಡಿದು ನುಣ್ಣಗೆ ಉಜ್ಜುತ್ತಾಳೆ. ಅರವತ್ತು ದಾಟಿದ ಹೆಂಗಸು, ಸಣಕಲು ಮೈ, ಕತ್ತರಿಸಿದ ಬಿಳಿ ಕೂದಲು, ಮೂಗಿನ ಮೇಲೆ ಸದಾ ಗಾರೆಯ ಪುಡಿ. ಈಕೆ ಒಂದು ಕಾಲದಲ್ಲಿ ಸಾವಿರಾರು ಜನರನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದ ರಾಕ್ ತಂಡದ ಗಿಟಾರ್ ವಾದಕಿ ಎಂದು ಹೇಳಿದರೆ ಕ್ಲಿನಿಕ್ಕಿನ ನರ್ಸ್ ಕೂಡ ನಂಬುವವಳಲ್ಲ.

ಕಿಡಿ ಎಂಬ ಹೆಸರು ತಂಡದವರೇ ಇಟ್ಟಿದ್ದು. ಮೊದಲ ಕಾರ್ಯಕ್ರಮದಲ್ಲಿ ಅವಳ ಗಿಟಾರಿನ ಸ್ಪೀಕರಿನಿಂದ ನಿಜವಾಗಿಯೇ ಕಿಡಿ ಹಾರಿ ಪರದೆಗೆ ಬೆಂಕಿ ಹತ್ತಿತ್ತಂತೆ. ಅವಳು ಬಾರಿಸುವುದನ್ನು ನಿಲ್ಲಿಸಲಿಲ್ಲವಂತೆ. ಹಾಡುತ್ತಿದ್ದವನು ದೊರೆ. ಎತ್ತರದ ಆಳು, ಗಂಟಲೂ ದೊಡ್ಡದು, ಯಾರ ಮುಂದೆಯೂ ತಲೆ ಬಗ್ಗಿಸದವನು, ಹಾಗಾಗಿ ದೊರೆ. ಬೇಸ್ ಗಿಟಾರ್ ಹಿಡಿಯುತ್ತಿದ್ದವನು ಮೌನಿ. ಡ್ರಮ್ಸ್ ಬಾರಿಸುತ್ತಿದ್ದವನು ಕಿಡಿಯ ಸ್ವಂತ ತಮ್ಮ. ಎಲ್ಲರಿಗಿಂತ ಚಿಕ್ಕವನು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಮೊದಲ ರೆಕಾರ್ಡು ಹೊರಬರಲು ಇನ್ನೇನು ಕೆಲವೇ ವಾರ ಇದ್ದಾಗ ಅದು ನಡೆಯಿತು. ದೂರದ ಊರಿನಲ್ಲಿ ಕಾರ್ಯಕ್ರಮ ಮುಗಿಸಿ ಕಿಡಿಯೂ ಮೌನಿಯೂ ರೈಲಿನಲ್ಲಿ ಹೊರಟಿದ್ದರು. ವಾದ್ಯಗಳನ್ನು ತುಂಬಿಕೊಂಡ ವ್ಯಾನಿನಲ್ಲಿ ದೊರೆ ಮತ್ತು ತಮ್ಮ ಇಬ್ಬರೇ. ಬೆಳಕು ಹರಿಯುವ ಹೊತ್ತಿಗೆ ವ್ಯಾನು ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬ ಗಾರೆ ಕೆಲಸದವನಿಗೆ ಗುದ್ದಿತು. ಆ ಮನುಷ್ಯ ಬದುಕಿದ, ಆದರೆ ಒಂದು ಕಾಲು ತೆಗೆಯಬೇಕಾಯಿತು. ಪೊಲೀಸರು ಬಂದಾಗ ತಮ್ಮ ಮುಂದೆ ಬಂದು, "ಓಡಿಸ್ತಿದ್ದೋನು ನಾನೇ" ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಎರಡು ವರ್ಷ ಜೈಲಾಯಿತು.

ಆ ಎರಡು ವರ್ಷ ತಂಡ ಮೇಲೇರುತ್ತಲೇ ಹೋಯಿತು. ರೆಕಾರ್ಡು ಬಿಸಿ ಬಿಸಿಯಾಗಿ ಖರ್ಚಾಯಿತು. ತಮ್ಮನ ಜಾಗಕ್ಕೆ ಬಂದ ಡ್ರಮ್ಮರನ್ನು ಎಲ್ಲರೂ ಬದಲಿ ಎಂದು ಕರೆದರು. ತಮ್ಮ ವಾಪಸ್ಸು ಬರುವವರೆಗೆ ಮಾತ್ರ ಎಂಬುದು ಕಿಡಿಯ ಲೆಕ್ಕ. ತಮ್ಮನನ್ನು ನೋಡಲು ಅವಳು ಪ್ರತಿ ವಾರ ಹೋಗುತ್ತಿದ್ದಳು. ದೊರೆ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ.

ಬಿಡುಗಡೆಯಾಗಿ ಬಂದ ತಮ್ಮ, ಮನೆಗೆ ಹೋಗುವ ಮೊದಲು ಆ ಗಾರೆ ಕೆಲಸದವನ ಮನೆ ಹುಡುಕಿಕೊಂಡು ಹೋದ. ಹೊರಗೆ ಬೀದಿಯಲ್ಲಿ ಕಾದಿದ್ದ ಕಿಡಿಗೆ, ಅವನು ಬಾಗಿಲಲ್ಲಿ ಕೈಮುಗಿದು ನಿಂತಿದ್ದು, ಒಳಗಿನಿಂದ ಬಾಗಿಲು ಮುಚ್ಚಿಕೊಂಡಿದ್ದು ಕಾಣಿಸಿತು. ಬಸ್ಸಿನಲ್ಲಿ ಬರುವಾಗ ಅವಳು ಸಮಾಧಾನ ಮಾಡಲು ಹೋದಳು.

"ಹೋಗ್ಲಿ ಬಿಡೋ. ತಪ್ಪು ಮಾಡ್ದೆ, ಶಿಕ್ಷೆ ಅನುಭವಿಸ್ದೆ, ಕ್ಷಮೆನೂ ಕೇಳ್ದೆ."

ತಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ಅಕ್ಕ, ನನಗೆ ಗಾಡಿ ಓಡಿಸೋಕೆ ಎಲ್ಲಿ ಬರುತ್ತೆ?"

ದೊರೆಯ ಹತ್ತಿರ ಕದ್ದು ಕಲಿತಿರಬೇಕೆಂದು ಕಿಡಿ ಇಷ್ಟು ದಿನ ಅಂದುಕೊಂಡಿದ್ದಳು. ಆಮೇಲೆ ಒಂದೊಂದಾಗಿ ಹೊರಬಂತು. ರಸ್ತೆಯಲ್ಲಿ ಆ ಮನುಷ್ಯ ನರಳುತ್ತಿದ್ದಾಗಲೇ ದೊರೆ ತಮ್ಮನ ಭುಜ ಹಿಡಿದು, ನೀನು ಚಿಕ್ಕವನು, ಬೇಗ ಬಿಟ್ಟುಬಿಡುತ್ತಾರೆ, ನಾನು ಒಳಗೆ ಹೋದರೆ ತಂಡವೇ ಮುಳುಗಿತು, ನಿನ್ನ ಅಕ್ಕನ ಗತಿಯೇನು ಎಂದಿದ್ದ. ಅಕ್ಕನ ಹೆಸರು ಬಂದ ಮೇಲೆ ತಮ್ಮ ಬೇರೆ ಯೋಚನೆ ಮಾಡಲಿಲ್ಲ.

ಆ ಸಂಜೆಯೇ ಕಿಡಿ ರಿಹರ್ಸಲ್ ನಡೆಯುವ ಕೋಣೆಗೆ ಹೋದಳು. ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದಳು. "ಅವನು ಬಂದಿದ್ದಾನೆ. ನಾಳೆಯಿಂದ ಡ್ರಮ್ಸಿಗೆ ಅವನನ್ನ ಕೂರಿಸ್ತೀಯಾ?"

ದೊರೆ ಮೈಕಿನ ವೈರು ಸುತ್ತುತ್ತಾ ಅಂದ, "ನೋಡು, ಬೇಜಾರು ಮಾಡ್ಕೋಬೇಡ. ಜೈಲಿಗೆ ಹೋಗಿ ಬಂದೋನನ್ನ ಸ್ಟೇಜ್ ಮೇಲೆ ಕೂರಿಸಿದ್ರೆ ನಮ್ಮ ಹೆಸರು ಏನಾಗುತ್ತೆ?"

ಕಿಡಿ ಗಿಟಾರಿನ ವೈರು ಕಿತ್ತು ಹೊರಟವಳು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ವಿಷಯವನ್ನು ಬೀದಿಗೆ ತರುತ್ತೇನೆ ಎಂದಾಗ ತಮ್ಮ ಕಾಲಿಗೆ ಬಿದ್ದ. "ಮತ್ತೆ ಕೋರ್ಟು, ಮತ್ತೆ ಪೊಲೀಸು, ನನ್ನ ಕೈಲಿ ಆಗಲ್ಲ ಅಕ್ಕ. ಆಣೆ ಇಡು." ಅವಳು ಆಣೆ ಇಟ್ಟಳು. ತಮ್ಮ ಹೊಲಿಗೆ ಯಂತ್ರ ರಿಪೇರಿ ಕಲಿತು ಒಂದು ಸಣ್ಣ ಅಂಗಡಿ ಹಾಕಿಕೊಂಡ. ಡ್ರಮ್ಸಿನ ಹತ್ತಿರ ಹೋಗುವುದಿರಲಿ, ಯಾರಾದರೂ ಮೇಜಿನ ಮೇಲೆ ಬೆರಳಲ್ಲಿ ತಾಳ ಕುಟ್ಟಿದರೂ ಎದ್ದು ಹೋಗುತ್ತಿದ್ದ. ಕಿಡಿ ಹಲ್ಲಿನ ಕೆಲಸಕ್ಕೆ ಸೇರಿದಳು. ಇಬ್ಬರೂ ಮದುವೆಯಾಗಲಿಲ್ಲ. ಮನೆಯಲ್ಲಿ ಅವಳು ಗಿಟಾರ್ ಬಾರಿಸುತ್ತಿದ್ದುದು ತಮ್ಮ ತನ್ನ ಅಂಗಡಿಗೆ ಹೋದ ಮೇಲೆ, ಬಾಗಿಲು ಹಾಕಿಕೊಂಡು.

ಸಿಟ್ಟು ಹಳತಾದರೆ ಆರುತ್ತದೆ ಎಂದು ಹೇಳುವವರು ಕಿಡಿಯನ್ನು ನೋಡಿಲ್ಲ. ರೇಡಿಯೋದಲ್ಲಿ ದೊರೆಯ ದನಿ ಬಂದರೆ ಅವಳು ಆರಿಸುತ್ತಿರಲಿಲ್ಲ, ಪೂರ್ತಿ ಕೇಳುತ್ತಿದ್ದಳು. ಯಾವ ವರ್ಷ ಅವನ ದನಿ ಒಡೆಯಿತು, ಯಾವ ಸ್ವರಕ್ಕೆ ಏದುಸಿರು ಬರುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಶತ್ರುವಿನ ಆರೋಗ್ಯವನ್ನು ಇಷ್ಟು ಮುತುವರ್ಜಿಯಿಂದ ವಿಚಾರಿಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ.

ಅಂಥ ದೊರೆ ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಹಿಂಬದಿಯ ಕೋಣೆಗೇ ಬಂದು ನಿಂತ. ಕೂದಲಿಗೆ ಕಪ್ಪು ಬಣ್ಣ, ಕಾಲಲ್ಲಿ ಮುಖ ಕಾಣುವಂಥ ಬೂಟು. ನ್ಯಾಯಾಧೀಶರು ಮತ್ತು ವಕೀಲರ ಸಂಘದವರು ತಮ್ಮ ವಾರ್ಷಿಕ ಸಮಾರಂಭದಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಗಲಾಟೆಯ ರಾಕ್ ಬೇಡ, ಹಿರಿಯರಿಗೆ ಹಿಡಿಸುವಂತೆ ಬ್ಲೂಸ್ ಹಾಡಿ, ಹಳೆಯ ತಂಡವೇ ಇದ್ದರೆ ಚೆನ್ನ ಎಂದಿದ್ದರಂತೆ.

"ನಾವು ಶುರು ಮಾಡಿದ್ದೇ ಬ್ಲೂಸಿಂದ ಅಲ್ವಾ ಕಿಡಿ? ಒಂದೇ ಒಂದು ಸಲ ಬಾ" ಎಂದ.

ಕಿಡಿ ಕೈಯಲ್ಲಿದ್ದ ಮೇಲ್ದವಡೆಯನ್ನು ಮೇಜಿನ ಮೇಲಿಟ್ಟಳು. "ಯಾರ ಮುಂದೆ ಅಂದೆ?"

"ಜಡ್ಜುಗಳು, ದೊಡ್ಡ ದೊಡ್ಡ ಲಾಯರುಗಳು."

"ಬರ್ತೀನಿ" ಎಂದಳು.

ರಿಹರ್ಸಲ್ಲಿನಲ್ಲಿ ಅವಳು ಬೆಣ್ಣೆಯಂತೆ ಇದ್ದಳು. ದೊರೆ ಹೇಳಿದ ಸ್ವರಕ್ಕೆ ಬಾರಿಸಿದಳು, ಅವನ ಹಳೆಯ ಜೋಕಿಗೆ ನಕ್ಕಳು. ತಲೆ ಪೂರ್ತಿ ಬೋಳಾಗಿದ್ದ ಮೌನಿ ಮಾತ್ರ ಬೇಸ್ ಹಿಡಿದು ಅವಳನ್ನೇ ನೋಡುತ್ತಿದ್ದ. ಕೊನೆಯ ದಿನ ದೊರೆಯ ಮನಸ್ಸು ಕರಗಿತು.

"ಹಳೇದೆಲ್ಲ ಮರೆತುಬಿಟ್ಟೆಯಲ್ಲ, ದೊಡ್ಡ ಮನಸ್ಸು ಕಣೇ ನಿಂದು."

"ಎಷ್ಟು ದೊಡ್ಡದು ಅಂತ ಶನಿವಾರ ನೀನೇ ನೋಡ್ತೀಯಂತೆ."

ಅತ್ತ ಹಲ್ಲಿನ ಕೋಣೆಯಲ್ಲಿ, ಮೋಟರಿನ ಗುಂಯ್ ಸದ್ದಿನ ಮರೆಯಲ್ಲಿ, ಅವಳು ತಾನೇ ಕಟ್ಟಿದ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಆಣೆ ನೆನಪಿರಲಿಲ್ಲವೆಂದಲ್ಲ. ಆಣೆ ಮುರಿದ ಪಾಪಕ್ಕೆ ಬರುವುದೆಲ್ಲ ಬರಲಿ ಎಂದು ತೀರ್ಮಾನಿಸಿಯಾಗಿತ್ತು. ತಮ್ಮನಿಗೆ ಒಂದು ಮಾತೂ ಹೇಳಲಿಲ್ಲ.

ಶನಿವಾರ ಸಂಜೆಯ ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ದುಂಡು ಮೇಜುಗಳು, ಕಪ್ಪು ಸೂಟುಗಳು, ಕತ್ತು ಬಿಗಿದ ಟೈಗಳು. ಕೆಮ್ಮುವಾಗಲೂ ಕರವಸ್ತ್ರ ಹಿಡಿಯುವ ಜನ. ಮುಂದಿನ ಮೇಜಿನಲ್ಲಿ ದೊರೆಯ ಹೆಂಡತಿ, ಪಕ್ಕದಲ್ಲಿ ಸಂಘದ ಅಧ್ಯಕ್ಷರಾದ ಹಿರಿಯ ನ್ಯಾಯಾಧೀಶರು. ನಿರೂಪಕ ದೊರೆಯನ್ನು ಹೊಗಳುತ್ತಾ, "ನೇರ ನುಡಿಯ ಕಲಾವಿದ" ಎಂದಾಗ ಕಿಡಿ ತಂತಿಯ ಶ್ರುತಿ ನೋಡುವ ನೆಪದಲ್ಲಿ ತಲೆ ತಗ್ಗಿಸಿಕೊಂಡಳು.

ಬ್ಲೂಸ್ ಎಂದರೆ ನೋವು ತೋಡಿಕೊಳ್ಳುವ ಹಾಡು. ಅದರ ಕಟ್ಟು ಸರಳ. ಒಂದು ಸಾಲು ಹಾಡಬೇಕು, ಅದನ್ನೇ ಇನ್ನೊಮ್ಮೆ ಹಾಡಬೇಕು, ಮೂರನೆಯ ಸಾಲಿನಲ್ಲಿ ಉತ್ತರ ಕೊಡಬೇಕು. ಸಾಲು ಸಾಲಿನ ನಡುವೆ ಗಿಟಾರ್ ಮಾತಾಡುತ್ತದೆ. ಅಲ್ಲಿಗೆ ಒಂದು ಸುತ್ತು. ಇಂಥ ಸುತ್ತುಗಳು ಎಷ್ಟು ಬೇಕಾದರೂ ತಿರುಗಬಹುದು, ಸಾಲುಗಳನ್ನು ನಿಂತಲ್ಲೇ ಹುಟ್ಟಿಸಿಕೊಳ್ಳಲೂಬಹುದು. ದೊರೆ ನಾಲ್ಕಾರು ಹಾಡು ಹಾಡಿದ. ಮುದಿ ದನಿಯಾದರೂ ಆ ಒಡಕು ಬ್ಲೂಸಿಗೆ ಒಪ್ಪುತ್ತಿತ್ತು, ಕಿಡಿ ಅದನ್ನು ಮನಸ್ಸಿನಲ್ಲೇ ಒಪ್ಪಿಕೊಂಡಳು. ಜನ ಬೆರಳ ತುದಿಯಲ್ಲಿ ಚಪ್ಪಾಳೆ ತಟ್ಟಿದರು. ಕೊನೆಯ ಹಾಡಿನಲ್ಲಿ ಒಬ್ಬೊಬ್ಬರೂ ಸ್ವಲ್ಪ ಹೊತ್ತು ಬಾರಿಸುವುದೆಂದು ಮಾತಾಗಿತ್ತು. ಕಿಡಿಯ ಸರದಿ ಬಂತು. ಅವಳು ಬಾರಿಸುತ್ತಲೇ ನಡೆದು ಬಂದು ದೊರೆಯ ಪಕ್ಕದ ಮೈಕಿಗೆ ಬಾಯಿ ಕೊಟ್ಟಳು.

"ಗಾಡಿ ಓಡಿಸಿದ್ದು ಒಬ್ಬ, ಸ್ವಾಮಿ, ಜೈಲಿಗೆ ಹೋಗಿದ್ದು ಇನ್ನೊಬ್ಬ,
ಗಾಡಿ ಓಡಿಸಿದ್ದು ಒಬ್ಬ, ಸ್ವಾಮಿ, ಜೈಲಿಗೆ ಹೋಗಿದ್ದು ಇನ್ನೊಬ್ಬ,
ಓಡಿಸಿದೋನಿಗೆ ಹಾರ ಹಾಕಿದ್ದೀರಿ, ಹೋದೋನನ್ನ ಕೇಳೋನಿಲ್ಲ ಒಬ್ಬ."

ಸಭೆಯಲ್ಲಿ ಮೆಲ್ಲನೆ ನಗು ಹರಿಯಿತು. ಕೋರ್ಟು ಕಚೇರಿಯ ಜನಕ್ಕೆಂದೇ ಕಟ್ಟಿದ ಹಾಡೆಂದು ಖುಷಿಪಟ್ಟರು. ದೊರೆಯ ಮುಖದ ನಗು ಮಾತ್ರ ಅಂಟಿಸಿದಂತೆ ನಿಂತುಬಿಟ್ಟಿತು. ಕಿಡಿ ತಂತಿಯನ್ನು ಎಳೆದು ಬಿಟ್ಟಳು. ಅದು ಅತ್ತಂತೆ ಕೇಳಿಸಲಿಲ್ಲ, ಬೈದಂತೆ ಕೇಳಿಸಿತು.

"ಚಿಕ್ಕೋನು ನೀನು, ಒಪ್ಪಿಕೋ ಅಂದ, ಬೇಗ ಬಿಡ್ತಾರೆ ಅಂದ,
ಚಿಕ್ಕೋನು ನೀನು, ಒಪ್ಪಿಕೋ ಅಂದ, ಬೇಗ ಬಿಡ್ತಾರೆ ಅಂದ,
ಬಿಟ್ಟು ಬಂದ ಮೇಲೆ ನೋಡಿ, ಜೈಲು ಕಂಡೋನು ಬೇಡ ಅಂದ."

ದೊರೆ ಹಿಂದಕ್ಕೆ ತಿರುಗಿ, ಹಾಡು ಮುಗಿಸುವಂತೆ ಡ್ರಮ್ಸಿನ ಹಿಂದೆ ಕೂತಿದ್ದ ಬದಲಿಯತ್ತ ಕೈಸನ್ನೆ ಮಾಡಿದ. ಬದಲಿ ನಿಲ್ಲಿಸಲೆಂದು ಕೋಲು ಎತ್ತಿದ. ಆದರೆ ಮೌನಿ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಬೇಸಿನ ದಪ್ಪ ತಂತಿಯನ್ನು ಮೀಟುತ್ತಾ ಮುಂದಿನ ಸುತ್ತಿಗೆ ನಡೆದೇಬಿಟ್ಟ. ಬೇಸ್ ನಡೆಯುತ್ತಿರುವಾಗ ಡ್ರಮ್ಸ್ ನಿಲ್ಲಿಸುವಂತಿಲ್ಲ. ಬದಲಿ ಮತ್ತೆ ತಾಳ ಹಿಡಿದ.

ಕಿಡಿ ಮೈಕಿನಿಂದ ಹಿಂದೆ ಸರಿದು, ದೊರೆಯ ಕಡೆ ಗಿಟಾರ್ ತಿರುಗಿಸಿ, ಜಾಗ ಬಿಟ್ಟುಕೊಟ್ಟಳು. ಅವನು ಹಾಡಲಿಲ್ಲ. ಸುತ್ತು ಖಾಲಿ ಹೋಯಿತು. ಇನ್ನೊಂದು ಸುತ್ತು ತಿರುಗಿತು, ಅದೂ ಖಾಲಿ. ಸಭೆ ಕಾಯುತ್ತಿತ್ತು. ಸನ್ಮಾನಿತ ಗಾಯಕನ ಉತ್ತರಕ್ಕಾಗಿ ಕಪ್ಪು ಸೂಟಿನವರೆಲ್ಲ ಕುರ್ಚಿಯ ತುದಿಗೆ ಬಂದಿದ್ದರು. ಕಿಡಿಯ ಬೆರಳಿಗೆ ದಣಿವಿರಲಿಲ್ಲ. ಬೆಳಗಿನವರೆಗೂ ಹೀಗೇ ತಿರುಗಿಸಲು ಅವಳು ತಯಾರಿದ್ದಳು. ಅದು ದೊರೆಗೂ ತಿಳಿಯಿತು.

ಅವನು ಮೈಕ್ ಹಿಡಿದ. "ಸ್ಟೇರಿಂಗ್ ನನ್ನ ಕೈಲಿತ್ತು" ಎಂದು ಹಾಡಿದ. ಗಿಟಾರ್ ಉತ್ತರಿಸಿತು. ಎರಡನೆಯ ಸಲ, "ಸ್ಟೇರಿಂಗ್ ನನ್ನ ಕೈಲಿತ್ತು" ಎಂದಾಗ ದನಿ ನಡುವೆ ಕಡಿದುಹೋಯಿತು. ಮೂರನೆಯ ಸಾಲು ಬರಲಿಲ್ಲ. ಕಿಡಿ ಆ ಸಾಲನ್ನು ಗಿಟಾರಿನಲ್ಲೇ ಬಾರಿಸಿ, ಕೈಯಿಂದ ತಂತಿ ಒತ್ತಿ ಹಾಡು ನಿಲ್ಲಿಸಿದಳು.

ಇಡೀ ಸಭೆ ಎದ್ದು ನಿಂತಿತು. ಅಂಥ ಚಪ್ಪಾಳೆ ಆ ಸಭಾಂಗಣ ಕಂಡಿರಲಿಲ್ಲವಂತೆ. ಎದ್ದ ಜನರ ನಡುವೆ ಕೂತೇ ಇದ್ದವಳು ದೊರೆಯ ಹೆಂಡತಿ ಒಬ್ಬಳೇ. ಅವಳ ಎರಡೂ ಕೈ ಮಡಿಲಲ್ಲಿದ್ದವು, ಕಣ್ಣು ಗಂಡನ ಮೇಲಿತ್ತು.

ಅಧ್ಯಕ್ಷರು ವೇದಿಕೆಗೆ ಬಂದು ಕಿಡಿಯ ಕೈ ಕುಲುಕಿದರು. "ಅದ್ಭುತ ಮೇಡಂ. ನಿಜವಾಗಿ ನಡೆದ ಹಾಗೇ ಇತ್ತು."

"ನಿಜವಾಗಿ ನಡೆದದ್ದೇ ಸಾರ್."

ಅವರು ಮನಸಾರೆ ನಕ್ಕು, ಪಕ್ಕದವರಿಗೂ ಆ ಮಾತನ್ನು ಹೇಳಿ ನಗಿಸಿದರು.

ಪರದೆಯ ಹಿಂದಿನ ಕೋಣೆಯಲ್ಲಿ ದೊರೆ ಹಾರವನ್ನು ಕಿತ್ತು ಕುರ್ಚಿಯ ಮೇಲೆ ಎಸೆದ. "ನನ್ನ ಮರ್ಯಾದೆ ಮಣ್ಣುಪಾಲು ಮಾಡಿದೆ."

"ಯಾರಿಗೆ ಗೊತ್ತಾಯ್ತು? ಎಲ್ಲ ಚಪ್ಪಾಳೆ ಹೊಡೆದ್ರಲ್ಲ."

"ಅವಳಿಗೆ ಗೊತ್ತಾಯ್ತು" ಎಂದು ಅವನು ಕುಸಿದು ಕೂತ. ಇಷ್ಟು ವರ್ಷ ಅವನು ಹೆಂಡತಿಗೂ ಹೇಳಿರಲಿಲ್ಲ.

ಆ ಮುಖ ನೋಡಿದರೆ ಮರುಕ ಹುಟ್ಟಬೇಕಿತ್ತು. ಕಿಡಿಗೆ ಹುಟ್ಟಲಿಲ್ಲ. ಹಸಿದು ಕೂತವಳಿಗೆ ಮೊದಲ ತುತ್ತು ಬಿದ್ದಂತಾಯಿತು. ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, ಮೌನಿಯ ಭುಜ ತಟ್ಟಿ ಹೊರಟಳು.

ಸೋಮವಾರ ದೊರೆ ತಮ್ಮನ ಅಂಗಡಿಗೆ ಹೋದ. ಹೆಂಡತಿಯೇ ಕಳಿಸಿದ್ದು. ಅವಳು ರಸ್ತೆಯ ಆಚೆ ಬದಿ ಕಾರಿನಲ್ಲಿ ಕೂತಿದ್ದಳು. ಬಾಗಿಲಲ್ಲಿ ನಿಂತವನನ್ನು ಕನ್ನಡಕದ ಮೇಲಿಂದ ನೋಡಿದ ತಮ್ಮ.

"ಮೆಷಿನ್ ರಿಪೇರಿಗೆ ತಂದಿದ್ದೀರಾ?"

"ಇಲ್ಲ, ನಾನು..."

"ಹಾಗಾದ್ರೆ ಇಲ್ಲಿ ನಿಮಗೇನು ಕೆಲಸ? ಬೆಳಕಿಗೆ ಅಡ್ಡ ನಿಂತಿದ್ದೀರಿ."

ದೊರೆ ಇನ್ನೂ ಏನೋ ಹೇಳಲು ಹೋದ. ತಮ್ಮ ಯಂತ್ರದ ಚಕ್ರ ತಿರುಗಿಸಿದ, ಆ ಸದ್ದಿನಲ್ಲಿ ಮಾತು ಕೇಳಿಸದಾಯಿತು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ನೋಡಿದರೆ ಬಾಗಿಲು ಖಾಲಿ. ಅಂದಿನಿಂದ ದೊರೆ ಒಪ್ಪಿಕೊಂಡಿದ್ದ ಕಾರ್ಯಕ್ರಮಗಳೆಲ್ಲ ಒಂದೊಂದಾಗಿ ರದ್ದಾದವು. ಗಂಟಲಿಗೆ ತೊಂದರೆ ಎಂದು ಪತ್ರಿಕೆಗಳು ಬರೆದವು.

ದೊರೆ ಯಾಕೆ ಬಂದಿದ್ದನೆಂದು ಕಿಡಿಯಿಂದಲೇ ತಿಳಿದಾಗ ತಮ್ಮ ಅವಳನ್ನೂ ಬಿಡಲಿಲ್ಲ. "ಆಣೆ ಇಟ್ಟಿದ್ದೆ ನೀನು. ಎಲ್ಲರ ಮುಂದೆ ನನ್ನ ಜೈಲನ್ನ ಹಾಡಿ ಬಂದೆ" ಎಂದು ಒಂದು ಸಲ ಕೂಗಾಡಿದ, ಆಮೇಲೆ ಮಾತು ಬಿಟ್ಟ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು. ಕಿಡಿ ಕ್ಷಮೆ ಕೇಳಲಿಲ್ಲ. ಕೇಳಿದರೆ ಸುಳ್ಳಾಗುತ್ತಿತ್ತು. ಮತ್ತೊಮ್ಮೆ ಕರೆದರೆ ಮತ್ತೊಮ್ಮೆ ಹೋಗಿ ಹಾಡುವವಳೇ ಅವಳು.

ಎಷ್ಟೋ ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವಳು ಬಟ್ಟೆ ಮಡಚುತ್ತಿದ್ದಾಗ, ತಮ್ಮ ಬಾಗಿಲಿಗೆ ಒರಗಿ ನಿಂತ. ಗೋಡೆ ನೋಡುತ್ತಾ ಕೇಳಿದ, "ಆ ಬದಲಿ... ಹೇಗೆ ಬಾರಿಸಿದ ಅವತ್ತು?"

"ಅವಸರ ಮಾಡಿದ" ಎಂದಳು ಕಿಡಿ. "ಪ್ರತಿ ಸುತ್ತಿಗೂ ಓಡ್ತಿದ್ದ."

"ಓಡ್ತಾನೆ ಅಂತ ನನಗೆ ಗೊತ್ತಿತ್ತು" ಎಂದ ತಮ್ಮ. ಒಳಗೆ ಬಂದು, ಹಾಸಿಗೆಯ ಹೊದಿಕೆಯ ಇನ್ನೊಂದು ತುದಿ ಹಿಡಿದು, ಅಕ್ಕನ ಜೊತೆ ಮಡಚತೊಡಗಿದ.